ನಡುರಾತ್ರಿಯ ದಾರಿಹೋಕರು

ಹಳ್ಳಿಯಲ್ಲಿ ಕತ್ತಲಾದ ಮೇಲೆ ಯಾರಾದರೂ ಕದ ತಟ್ಟಿದರೆ ಒಳಗಿನವರು "ಯಾರದು?" ಎಂದು ಕೇಳುತ್ತಾರೆ, ಹೊರಗಿನವರು "ನಾನು" ಎನ್ನುತ್ತಾರೆ. ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಇದನ್ನು ಉತ್ತರವೆಂದು ಒಪ್ಪಲಾರರು. ತನ್ನನ್ನು ತಾನು 'ನಾನು' ಎನ್ನದವನು ಲೋಕದಲ್ಲಿ ಯಾರಿದ್ದಾನೆ? ಆದರೂ ಒಳಗಿನವರು ಅನುಮಾನಿಸದೆ ಅಗುಳಿ ತೆಗೆಯುತ್ತಾರೆ. ಅವರು ಕೇಳಿಸಿಕೊಂಡದ್ದು ಮಾತಿನ ಅರ್ಥವನ್ನಲ್ಲ, ದನಿಯನ್ನು. ಇರುಳಿನಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುವ ವಲಸೆಯ ಹಕ್ಕಿಗಳೂ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿಕೊಂಡು ಹೋಗುತ್ತವೆ. ಆ ಒಂದು 'ನಾನು' ಯಾರದೆಂದು ಕಣ್ಣಿನ ನೆರವಿಲ್ಲದೆ ತಿಳಿಯುವ ವಿದ್ಯೆಯೊಂದುಂಟು. ಪರೀಕ್ಷೆಗೆ ಬಾರದ, ಪದವಿ ದೊರೆಯದ ಈ ವಿದ್ಯೆಯ ಹುಚ್ಚು ಕೆಲವು ಕಾಲದಿಂದ ನನಗೆ ಹಿಡಿದಿದೆ.

ವಲಸೆಯೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಹಗಲು ಬಾನಿನಲ್ಲಿ ಬಾಣದ ಮೊನೆಯಂತೆ ಸಾಲುಗಟ್ಟಿ ಸಾಗುವ ಬಾತುಗಳ ಚಿತ್ರ. ಆದರೆ ದೂರ ಹೋಗುವ ಸಣ್ಣ ಹಕ್ಕಿಗಳಲ್ಲಿ ಬಹುಪಾಲಿನವು ಪ್ರಯಾಣ ಮಾಡುವುದು ರಾತ್ರಿಯಲ್ಲಿ. ಅದಕ್ಕೆ ಕಾರಣಗಳುಂಟು. ರಾತ್ರಿಯ ಗಾಳಿ ತಂಪಾಗಿಯೂ ನೆಮ್ಮದಿಯಾಗಿಯೂ ಇರುತ್ತದೆ; ಎಡೆಬಿಡದೆ ರೆಕ್ಕೆ ಬಡಿದರೂ ಮೈ ಅತಿಯಾಗಿ ಕಾವೇರುವುದಿಲ್ಲ; ಗಿಡುಗ ಡೇಗೆಗಳು ನಿದ್ರಿಸುತ್ತಿರುತ್ತವೆ; ಹಗಲು ಹೊಟ್ಟೆ ತುಂಬಿಸಿಕೊಳ್ಳಲು ಬಿಡುವಾಗುತ್ತದೆ. ದಾರಿ ತೋರಲು ನಕ್ಷತ್ರಗಳಿವೆ. ಅಮೆರಿಕದ ಸ್ಟೀಫನ್ ಎಮ್ಲೆನ್ ಎಂಬ ವಿಜ್ಞಾನಿ ಇಂಡಿಗೊ ಬಂಟಿಂಗ್ ಎಂಬ ಪುಟ್ಟ ಹಕ್ಕಿಗಳನ್ನು ತಾರಾಲಯದ ಕೃತಕ ಆಕಾಶದ ಕೆಳಗೆ ಇರಿಸಿ, ಅವು ಚುಕ್ಕೆಗಳನ್ನು ನೋಡಿ ದಿಕ್ಕು ಹಿಡಿಯುತ್ತವೆಂದು ೧೯೬೭ರಲ್ಲಿ ಪ್ರಕಟಿಸಿದರು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲ ಕಳೆಯಲು ಬರುವ ಪಟ್ಟೆತಲೆಯ ಹೆಬ್ಬಾತು ದೊಡ್ಡ ಹಕ್ಕಿಯೇ. ಆ ಜಾತಿಯೂ ಹಿಮಾಲಯವನ್ನು ದಾಟಲು ರಾತ್ರಿಯನ್ನೋ ನಸುಕನ್ನೋ ಆರಿಸಿಕೊಳ್ಳುತ್ತದೆಂದು ೨೦೧೧ರಲ್ಲಿ ಬೆಳಕು ಕಂಡ ಸಂಶೋಧನೆ ತಿಳಿಸುತ್ತದೆ. ದಸರೆಯ ರಜೆ ಮುಗಿದು ನಾವು ಮರಳುವ ಹೊತ್ತಿಗೆ ಕಾಲೇಜಿನ ಮರದಡಿಯಲ್ಲಿ ನವರಂಗವೊಂದು ತರಗೆಲೆ ಕೆದಕುತ್ತಿದ್ದರೆ, ಅದೂ ನಮ್ಮಂತೆ ಹೊರಗಿನಿಂದ ಬಂದದ್ದೇ. ನಾವು ಬಸ್ಸಿನಲ್ಲಿ ತೂಕಡಿಸುತ್ತಿದ್ದ ಹೊತ್ತಿನಲ್ಲಿ ಅದು ಕತ್ತಲಲ್ಲಿ ಹಾರಿ ಬಂದು ಇಳಿದಿದೆ.

ರಾತ್ರಿಯ ಹಕ್ಕಿಯ ದನಿಗೆ ಕಿವಿಗೊಡುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಬುಡಬುಡಿಕೆಯವರು ನಸುಕಿನಲ್ಲೇ ಬೀದಿಗೆ ಬಂದು, ಹಾಲಕ್ಕಿ ನುಡಿದ ಶಕುನವೆಂದು ಮನೆಮನೆಯ ಮುಂದೆ ಭವಿಷ್ಯ ಸಾರುವುದನ್ನು ನಮ್ಮ ಹಿರಿಯರೆಲ್ಲ ಕೇಳಿದ್ದಾರೆ. ಇಂಗ್ಲೆಂಡಿನ ಉತ್ತರ ಭಾಗದ ಹಳ್ಳಿಗರು, ಕತ್ತಲಲ್ಲಿ ಹಾದುಹೋಗುವ ಹೆಬ್ಬಾತುಗಳ ಗದ್ದಲವನ್ನು ಗೇಬ್ರಿಯಲನ ಬೇಟೆನಾಯಿಗಳ ಬೊಗಳುವಿಕೆಯೆಂದು ತಿಳಿದು, ಯಾರದೋ ಸಾವು ಹತ್ತಿರವಾಯಿತೆಂದು ಅಂಜುತ್ತಿದ್ದರು. ಶಕುನ ಕೇಳುವವನ ಪ್ರಶ್ನೆ 'ಈ ಕೂಗು ನನಗೆ ಏನು ಹೇಳುತ್ತದೆ?' ಎಂಬುದು. ನಾನು ಹೇಳಹೊರಟ ವಿದ್ಯೆಯ ಪ್ರಶ್ನೆ ಬೇರೆ: 'ಹೋಗುತ್ತಿರುವವರು ಯಾರು?'

ಈ ಪ್ರಶ್ನೆಯನ್ನು ಇಟ್ಟುಕೊಂಡು ನಾನು ಕಾರ್ತಿಕದ ರಾತ್ರಿಗಳಲ್ಲಿ ಹಾಸ್ಟೆಲಿನ ಮಾಳಿಗೆಯ ಮೇಲೆ ಕಂಬಳಿ ಹೊದ್ದು ಅಂಗಾತ ಮಲಗುತ್ತೇನೆ. ಹೊಸಬನು ಮೊದಲು ಕಲಿಯಬೇಕಾದದ್ದು ಪರದೇಶಿಗಳ ದನಿಯನ್ನಲ್ಲ, ಊರವರ ದನಿಯನ್ನು. 'ಕ್ವಾಕ್' ಎಂದು ಒಂದೇ ಮಾತಾಡಿ ಹೋಗುವುದು ಕೆರೆಯ ಇರುಳು ಬಕ. ಜೋಡಿ ಸ್ವರದಲ್ಲಿ ಸಿಳ್ಳು ಹಾಕುತ್ತ ಗುಂಪಾಗಿ ಸಾಗುವುದು ಗದ್ದೆಗೆ ಮೇಯಲು ಹೊರಟ ಶಿಳ್ಳೆ ಬಾತು. ಈ ಬಾತುಗಳಿಂದ ನಮಗೆ ಒಮ್ಮೆ ಸಂಕಟವೂ ಒದಗಿತು. ನಡುರಾತ್ರಿಯ ಸಿಳ್ಳು ಕೇಳಿ ವಾರ್ಡನ್ನರು ಮಾಳಿಗೆಗೆ ಬಂದು "ಸಿಳ್ಳು ಹಾಕಿದವರು ಯಾರು?" ಎಂದು ಗದರಿಸಿದರು. "ಬಾತುಗಳು, ಸಾರ್" ಎಂದೆ. ಅದನ್ನು ನಂಬುವಷ್ಟು ಅವರು ಆ ಹುದ್ದೆಗೆ ಹೊಸಬರಾಗಿರಲಿಲ್ಲ.

ಊರವರನ್ನೆಲ್ಲ ಕಳೆದ ಮೇಲೆ ಉಳಿದದ್ದು ದಾರಿಹೋಕರ ದನಿ. ಒಂದು ಗಂಟೆ ಕಾದರೆ ಒಂದೋ ಎರಡೋ. ಎಷ್ಟೋ ರಾತ್ರಿ ಅದೂ ಇಲ್ಲ. ಒಂದಿರುಳು ಎತ್ತರದಿಂದ ಮೂರು ತುಣುಕಿನ ತೆಳ್ಳನೆಯ ಕೂಗೊಂದು ಬಿತ್ತು. ಅದು ಗೊರವನ ಕೂಗು. ಚಳಿಗಾಲದ ಅತಿಥಿಯಾದ ಆ ಹಕ್ಕಿ ಕೆರೆಯ ಅಂಚಿನಿಂದ ಬೆದರಿ ಏಳುವಾಗ ಹಗಲಿನಲ್ಲಿ ಅದೇ ಕೂಗನ್ನು ನಾನು ಹತ್ತಾರು ಸಲ ಕೇಳಿದ್ದೆ. ಕೂಗು ಮುಗಿಯುವುದಕ್ಕೆ ಒಂದು ಕ್ಷಣವೂ ಹಿಡಿಯಲಿಲ್ಲ. ಆದರೆ ಬರಿದಾಗಿದ್ದ ಬಾನು ದಾರಿಯಾಗಿ ಬದಲಾಯಿತು. ಅಷ್ಟು ಹೊತ್ತು ನಾನು ನೋಡುತ್ತಿದ್ದ ಚುಕ್ಕೆಗಳ ನಡುವೆ ಯಾರೋ ನಡೆಯುತ್ತಿದ್ದರು.

ಸಣ್ಣ ಹಕ್ಕಿಗಳ ವಿಷಯದಲ್ಲಿ ಕೆಲಸ ಇಷ್ಟು ಸುಲಭವಲ್ಲ. ವಸಂತದಲ್ಲಿ ಕೊಂಬೆಯ ಮೇಲೆ ಕುಳಿತು ಹಾಡುವ ಹಾಡನ್ನು ಅವು ದಾರಿಯಲ್ಲಿ ಹಾಡುವುದಿಲ್ಲ. ಅಲ್ಲಿ ಕೇಳುವುದು 'ಚಿಪ್' ಎಂದೋ 'ತ್ಸೀ' ಎಂದೋ ಒಂದು ಚೂರು. ಎಷ್ಟೋ ಜಾತಿಗಳಲ್ಲಿ ಅದರ ಉದ್ದ ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ಇಂಥ ಚೂರುಗಳನ್ನು ಕ್ರಮವಾಗಿ ಎಣಿಸಿದವರಲ್ಲಿ ಮೊದಲಿಗನಾದ ಓರಿನ್ ಲಿಬ್ಬಿ ಇತಿಹಾಸದ ಅಧ್ಯಾಪಕ. ಕಲಾ ಕಾಲೇಜಿನವರಾದ ನಾವು ಹೆಮ್ಮೆಪಡಬೇಕಾದ ಸಂಗತಿ. ೧೮೯೬ರ ಸೆಪ್ಟೆಂಬರಿನ ಒಂದು ರಾತ್ರಿ ಅಮೆರಿಕದ ಮ್ಯಾಡಿಸನ್ ಊರಿನ ಬಳಿಯ ಗುಡ್ಡದ ಮೇಲೆ ಕುಳಿತು ಆತ ೩,೮೦೦ ಕೂಗುಗಳನ್ನು ಎಣಿಸಿದ. ಎಣಿಸಬಹುದು, ಹೆಸರಿಡುವುದು ಹೇಗೆ? ೧೯೫೦ರ ದಶಕದ ಕೊನೆಯಲ್ಲಿ ಇಲಿನಾಯ್ ಪ್ರಾಂತದ ರಿಚರ್ಡ್ ಗ್ರೇಬರ್ ಮತ್ತು ವಿಲಿಯಂ ಕಾಕ್ರನ್ ಎಂಬುವರು ಧ್ವನಿಮುದ್ರಣ ಯಂತ್ರವನ್ನು ಆಕಾಶಕ್ಕೆ ತೆರೆದಿಟ್ಟು ರಾತ್ರಿಯ ಕೂಗುಗಳನ್ನು ಸುರುಳಿಗೆ ಇಳಿಸಿದರು. ೧೯೮೫ರಿಂದ ಬಿಲ್ ಇವಾನ್ಸ್ ಎಂಬಾತ ಇದನ್ನೇ ಬದುಕಿನ ಕೆಲಸ ಮಾಡಿಕೊಂಡ. ಮಾಳಿಗೆಯ ಮೇಲಿಡಲು ಆತ ರೂಪಿಸಿದ ಮೈಕಿನ ಹೊರಕವಚ ಏನು ಗೊತ್ತೆ? ಪ್ಲಾಸ್ಟಿಕ್ಕಿನ ಹೂಕುಂಡ! ಬೆಳಗಿನ ಜಾವ ಇಳಿಯುವ ಹಕ್ಕಿಗಳನ್ನು ಕಣ್ಣಾರೆ ನೋಡಿ, ಹಾರುವಾಗ ಅವು ಹಾಕುವ ಕೂಗನ್ನು ಹಿಡಿದು, ರಾತ್ರಿಯ ಕೂಗಿನ ಧ್ವನಿಚಿತ್ರದೊಡನೆ ಹೋಲಿಸಿ, ಆತನೂ ಮೈಕೆಲ್ ಓಬ್ರಿಯನ್ ಎಂಬಾತನೂ ೨೦೦೨ರಲ್ಲಿ ಇನ್ನೂರಕ್ಕೂ ಹೆಚ್ಚು ಜಾತಿಗಳ ಕೂಗಿನ ಕೋಶವನ್ನು ಹೊರತಂದರು. ಆ ಕೋಶದ ಒಂದು ಗುಣ ನನಗೆ ಬಹಳ ಹಿಡಿಸಿದೆ. ಕಿವಿಗೂ ಚಿತ್ರಕ್ಕೂ ಬೇರ್ಪಡದ ಕೂಗುಗಳನ್ನು ಅದು ಒಂದೇ ಗುಂಪಿನಲ್ಲಿ ಇಟ್ಟಿದೆ. 'ಇಂಥ ಮನೆತನದವರು, ಇಂಥವರೇ ಎಂದು ಹೇಳಲಾರೆ' ಎಂಬುದೂ ಅಲ್ಲಿ ಸರಿಯುತ್ತರ. ನಮ್ಮ ಪರೀಕ್ಷಕರು ಇಷ್ಟು ಉದಾರಿಗಳಲ್ಲ.

ಈಗ ಮೊಬೈಲನ್ನು ಎತ್ತಿ ಹಿಡಿದರೆ ಹಕ್ಕಿಯ ಹೆಸರನ್ನು ತೆರೆಯ ಮೇಲೆ ತೋರಿಸುವ ಸಾಧನಗಳು ಬಂದಿವೆ. ಹೀಗಿರುವಾಗ ಚಳಿಯಲ್ಲಿ ಮಲಗುವುದೇಕೆ ಎಂದು ನನ್ನ ಕೋಣೆಯ ಗೆಳೆಯ ಕೇಳುತ್ತಾನೆ. ಯಂತ್ರವನ್ನು ನಾನು ಹಳಿಯುವುದಿಲ್ಲ. ನಾನು ನಿದ್ರಿಸುವಾಗಲೂ ಅದು ಎಚ್ಚರವಾಗಿರಬಲ್ಲದು. ಆದರೆ ಹೆಸರು ತಿಳಿಯುವುದು ಒಂದು, ಪರಿಚಯವಾಗುವುದು ಇನ್ನೊಂದು. ಮನೆಯವರ ಹೆಜ್ಜೆಯ ಸಪ್ಪಳವನ್ನು ನಾವು ಯಾರಿಂದಲೂ ಕೇಳಿ ತಿಳಿದದ್ದಲ್ಲ, ಕಾದು ತಿಳಿದದ್ದು. ಕಾದವನಿಗೆ, ಬಾರದಿದ್ದವರ ವಿಷಯದಲ್ಲಿ ಕಳವಳವೂ ಹುಟ್ಟುತ್ತದೆ.

ಕಳವಳಕ್ಕೆ ಕಾರಣವೂ ಇದೆ. ಕತ್ತಲಲ್ಲಿ ಹಕ್ಕಿ ಕೂಗುವುದು ಜೊತೆಯವರಿಗಾಗಿ, 'ನಾನಿಲ್ಲಿದ್ದೇನೆ, ನೀನೆಲ್ಲಿ?' ಎಂಬುದು ಆ ಕೂಗಿನ ತಿರುಳೆಂದು ಬಲ್ಲವರು ಹೇಳುತ್ತಾರೆ. ಷಿಕಾಗೊ ನಗರದಲ್ಲಿ ಮಿಷಿಗನ್ ಸರೋವರದ ದಂಡೆಯ ಮೇಲೆ ಮೆಕಾರ್ಮಿಕ್ ಪ್ಲೇಸ್ ಎಂಬ ಗಾಜಿನ ಸಭಾಭವನವಿದೆ. ಅದಕ್ಕೆ ಬಡಿದು ಸತ್ತ ಹಕ್ಕಿಗಳನ್ನು ಫೀಲ್ಡ್ ಮ್ಯೂಸಿಯಮ್ಮಿನ ಡೇವಿಡ್ ವಿಲ್ಲರ್ಡ್ ೧೯೭೮ರಿಂದ ಆಯ್ದು ದಾಖಲಿಸುತ್ತ ಬಂದರು. ಆ ಭವನವೂ ಸೇರಿ ಷಿಕಾಗೊ ನಗರದ ಮತ್ತು ಕ್ಲೀವ್‌ಲೆಂಡ್ ನಗರದ ಒಟ್ಟು ಸುಮಾರು ೭೦,೦೦೦ ಸಾವುಗಳ ಲೆಕ್ಕವನ್ನು ೨೦೧೯ರಲ್ಲಿ ಪರಿಶೀಲಿಸಿದಾಗ, ರಾತ್ರಿ ಹಾರುತ್ತ ಕೂಗುವ ಜಾತಿಗಳೇ ಕೂಗದ ಜಾತಿಗಳಿಗಿಂತ ಹೆಚ್ಚಾಗಿ ಸಾಯುತ್ತವೆಂದು ಕಂಡುಬಂತು. ದೀಪದ ಬೆಳಕಿನಲ್ಲಿ ದಿಕ್ಕುಗೆಟ್ಟ ಹಕ್ಕಿ ಕೂಗುತ್ತದೆ. ಕೂಗು ಕೇಳಿದ ಸಂಗಾತಿ ಅದೇ ಬೆಳಕಿಗೆ ಬರುತ್ತದೆ, ಎಂದು ಸಂಶೋಧಕರ ಊಹೆ. ೨೦೨೩ರ ಅಕ್ಟೋಬರ್ ೫ರ ಬೆಳಗ್ಗೆ ಆ ಒಂದೇ ಕಟ್ಟಡದ ಬುಡದಲ್ಲಿ ಸುಮಾರು ಸಾವಿರ ಹಕ್ಕಿಗಳು ಸತ್ತು ಬಿದ್ದಿದ್ದವು. ಸಾವಿರ ವರ್ಷಗಳ ದಾರಿಯಲ್ಲಿ ಒಬ್ಬರನ್ನೊಬ್ಬರು ಕಾಪಾಡಿದ ಕೂಗು, ನಮ್ಮ ಗೋಡೆಯ ಬಳಿ ಒಬ್ಬರನ್ನೊಬ್ಬರು ಸಾವಿಗೆ ಕರೆಯುವ ಕೂಗಾಯಿತು. ರಾತ್ರಿಯ ಹಕ್ಕಿ ನುಡಿದರೆ ನಮಗೆ ಅಪಶಕುನವೆಂದು ನಾವು ಅಂಜುತ್ತಿದ್ದೆವು. ಅವುಗಳ ಪಾಲಿಗೆ ಅಪಶಕುನ ನಾವೇ ಆಗಿದ್ದೇವೆ.

ಆದರೆ ಇದು ಹಣೆಬರಹವಲ್ಲ. ನ್ಯೂಯಾರ್ಕಿನಲ್ಲಿ ಪ್ರತಿ ಸೆಪ್ಟೆಂಬರ್ ೧೧ರಂದು ಸತ್ತವರ ನೆನಪಿಗಾಗಿ ಆಕಾಶಕ್ಕೆ ಎರಡು ಬೆಳಕಿನ ಕಂಬಗಳನ್ನು ಎತ್ತುತ್ತಾರೆ. ಅವುಗಳ ಸುತ್ತ ಹಕ್ಕಿಗಳು ಗುಂಪುಗೂಡಿ, ಕೂಗುತ್ತ ಗಿರಕಿ ಹೊಡೆಯುತ್ತವೆ. ಏಳು ವರ್ಷಗಳ ಏಳು ರಾತ್ರಿಗಳಲ್ಲಿ ಸುಮಾರು ೧೧ ಲಕ್ಷ ಹಕ್ಕಿಗಳು ಹೀಗೆ ದಾರಿ ತಪ್ಪಿದವೆಂದು ೨೦೧೭ರ ವರದಿಯೊಂದು ಹೇಳುತ್ತದೆ. ಅದೇ ವರದಿಯ ಇನ್ನೊಂದು ಮಾತು: ದೀಪ ಆರಿಸಿದ ಕೆಲವೇ ನಿಮಿಷಗಳಲ್ಲಿ ಅವು ಚದುರಿ ತಮ್ಮ ಹಾದಿ ಹಿಡಿದವು. ಷಿಕಾಗೊದ ಭವನದ ಗಾಜಿಗೂ ೨೦೨೪ರಲ್ಲಿ ಚುಕ್ಕೆಗಳ ತೆಳುಹಾಳೆ ಅಂಟಿಸಿದರು. ಸಾವು ಬಹುಮಟ್ಟಿಗೆ ಇಳಿಯಿತು.

ಅತಿಥಿ ಬರುವ ಹೊತ್ತಿಗೆ ಹೊಸ್ತಿಲಲ್ಲಿ ದೀಪ ಹಚ್ಚಿಡುವುದು ನಮ್ಮವರ ಸಂಪ್ರದಾಯ. ಈ ಅತಿಥಿಗಳಿಗೆ ಸಲ್ಲುವ ಮರ್ಯಾದೆ ಮಾತ್ರ ದೀಪ ಆರಿಸುವುದು. ಪರೀಕ್ಷೆಗೆ ಓದುವವರು ಓದಲಿ. ನಾನು ಅವರ ದೀಪದ ಮಾತು ಆಡುತ್ತಿಲ್ಲ. ಆದರೆ ನಮ್ಮ ಆಟದ ಮೈದಾನದ ದೊಡ್ಡ ದೀಪ ಯಾರೂ ಆಡದ ನಡುರಾತ್ರಿಯಲ್ಲಿ ಬಾನಿಗೆ ಮುಖಮಾಡಿ ಉರಿಯುತ್ತದೆ. ಅದನ್ನು ಹತ್ತು ಗಂಟೆಗೆ ಆರಿಸುವಂತೆ ವಿದ್ಯಾರ್ಥಿ ಸಂಘದಿಂದ ಒಂದು ಅರ್ಜಿ ಸಿದ್ಧವಾಗಿದೆ. ಸಹಿ ಹಾಕುವ ಮನಸ್ಸುಳ್ಳವರು ವಾಚನಾಲಯದ ಮೇಜಿನ ಮೇಲೆ ಅದನ್ನು ನೋಡಬಹುದು.