ಸಣ್ಣಕಥೆಯಲ್ಲಿ ದೇಶಕಾಲ

ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯ ಇವುಗಳ ವರ್ಣನೆಯು ಮಹಾಕಾವ್ಯದಲ್ಲಿ ಇರತಕ್ಕದ್ದೆಂದು ದಂಡಿಯು ಕಾವ್ಯಾದರ್ಶದಲ್ಲಿ ಹೇಳಿರುವನು. ಸರ್ಗಸರ್ಗಗಳ ವಿಸ್ತಾರವುಳ್ಳ ಕವಿಗೆ ಈ ವೈಭವವು ಸಲ್ಲುವುದು. ಹತ್ತಾರು ಪುಟಗಳಲ್ಲಿ ಮುಗಿಯಬೇಕಾದ ಸಣ್ಣಕಥೆಗೆ ಅಷ್ಟು ಅವಕಾಶವೆಲ್ಲಿಯದು? ಅದರೊಳಗೆ ಒಂದು ಬೆಟ್ಟವು ಬಂದರೆ, ಆ ಬೆಟ್ಟವು ಏನಾದರೊಂದು ಕೆಲಸವನ್ನು ಮಾಡಲೇಬೇಕು.

ಈ ಕೆಲಸಕ್ಕೆ ಆಲಂಕಾರಿಕರು ಹೆಸರಿಟ್ಟಿರುವರು. ಭಾವವು ಯಾರನ್ನು ಅವಲಂಬಿಸಿ ಹುಟ್ಟುವುದೋ ಅದು ಆಲಂಬನವಿಭಾವ. ಹುಟ್ಟಿದ ಭಾವವನ್ನು ಹೆಚ್ಚಿಸುವ ಬೆಳದಿಂಗಳು, ಉದ್ಯಾನ, ಮೇಘ ಮೊದಲಾದುವು ಉದ್ದೀಪನವಿಭಾವ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಸೀಮೆಯ ಕಥೆಗಳನ್ನು ಓದಿದವರಿಗೆ ಈ ವಿಭಾಗವು ಸಾಲದೆಂದು ತೋರುವುದು. ಇಲ್ಲಿಯ ಮಳೆಯೂ ಕಾಡೂ ಉರಿವ ದೀಪಕ್ಕೆ ಎಣ್ಣೆಯೆರೆಯುವುದು ಮಾತ್ರವಲ್ಲ; ಮನುಷ್ಯನು ಏನನ್ನು ಮಾಡಬಲ್ಲನು, ಏನನ್ನು ಮಾಡಲಾರನು ಎಂಬುದನ್ನೇ ಗೊತ್ತುಪಡಿಸುವುವು.

ಅಡಕೆತೋಟದ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಆಷಾಢದ ಮಳೆ ಹಿಡಿದಿದೆ. ಕೊಳೆರೋಗ ತಗಲದಂತೆ ಗೊನೆಗಳಿಗೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಮಳೆಗಾಲದ ಮೊದಲಲ್ಲಿ ಒಮ್ಮೆ ಹೊಡೆದು, ಸುಮಾರು 40 ದಿನಗಳ ಮೇಲೆ ಮತ್ತೊಮ್ಮೆ ಹೊಡೆಯಬೇಕು. ಅದಕ್ಕೆ ಮಳೆಯು ಒಂದು ಹೊಳವು ಕೊಡಬೇಕು. ಮರವೇರುವ ಕೊನೆಗಾರನು ಬರಬೇಕು. ಅವನು ಬರುವುದಕ್ಕೆ ಹಳ್ಳದ ಮೇಲಣ ಕಾಲುಸಂಕ ಉಳಿದಿರಬೇಕು. ಯಜಮಾನನು ಜಗಲಿಯಲ್ಲಿ ಕುಳಿತು ಆಕಾಶವನ್ನು ನೋಡುತ್ತಾನೆ. ಒಳಗೆ ಸಾಲದ ಲೆಕ್ಕ, ಮಗಳ ಮದುವೆಯ ಮಾತು. ದುಷ್ಟರು ಯಾರೂ ಇಲ್ಲ, ಕಲಹವಿಲ್ಲ. ಆದರೂ ಕಥೆ ನಡೆದಿದೆ. ಕಾಯುವಿಕೆಯೇ ಅದರ ಭಾವ. ಪುರುಷಪ್ರಯತ್ನಕ್ಕೂ ದೈವಕ್ಕೂ ನಡುವಣ ಅಂತರವೇ ಅದರ ವಸ್ತು. ಇದೇ ಯಜಮಾನನನ್ನು ಬಯಲುಸೀಮೆಗೆ ಒಯ್ದು ಕುಳ್ಳಿರಿಸಿದರೆ ಅಲ್ಲಿಯೂ ಅವನು ಆಕಾಶವನ್ನೇ ನೋಡುವನು. ಆದರೆ ಅಲ್ಲಿ ಮಳೆ ಬರಲೆಂದು, ಇಲ್ಲಿ ನಿಲ್ಲಲೆಂದು. ನೋಟ ಒಂದೇ, ಕಥೆ ಬೇರೆ.

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ 1932ರಲ್ಲಿ ಜನಿಸಿದ ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವು ಇದಕ್ಕೆ ಒಳ್ಳೆಯ ನಿದರ್ಶನ. ಗರ್ಭಿಣಿಯಾದ ತರುಣ ವಿಧವೆಗೆ ದೊಡ್ಡ ಪಟ್ಟಣದಲ್ಲಾದರೆ ಗುರುತಿಲ್ಲದವರ ಒಂದು ಬೀದಿಯಾದರೂ ದೊರಕೀತು. ಅಗ್ರಹಾರದಲ್ಲಿಯೋ ಬಾಗಿಲು ಬಾಗಿಲಿಗೂ ಕಣ್ಣು. ಅದನ್ನು ದಾಟಿದರೆ ಕಾಡು. ಈ ಎರಡರ ನಡುವೆ ವೇದ ಕಲಿಯಬಂದ ಬಾಲಕನ ಅಂಜಿಕೆ. ಬದುಕಿರುವವಳಿಗೆ ಶ್ರಾದ್ಧ ಮಾಡುವ ಕರ್ಮದ ಕ್ರೌರ್ಯವನ್ನು ಲೇಖಕನು ಕೂಗಿ ಹೇಳಬೇಕಾದುದಿಲ್ಲ. ಹೋಗಲು ಎಡೆಯಿಲ್ಲದ ಆ ನೆಲವೇ ಹೇಳುವುದು.

ಸಾಗರದ ಕಡೆಗೆ ಬಂದರೆ ವಿಷಯವು ಇನ್ನೂ ಗಂಭೀರವಾಗುವುದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾಗಿ, ಸಾಗರ ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದುವು. ಸಾಗರದಲ್ಲಿ ನೆಲಸಿದ್ದ ನಾ. ಡಿಸೋಜಾ (1937–2025) ಅವರು ಈ ಮುಳುಗಡೆಯನ್ನೇ ವಸ್ತುವಾಗಿ ಹಿಡಿದರು. ಅವರ ‘ದ್ವೀಪ’ವು ಸಣ್ಣಕಥೆಯಲ್ಲ, ಕಿರುಕಾದಂಬರಿ, ಆದರೂ ಇಲ್ಲಿ ಅದನ್ನು ನೆನೆಯದೆ ಇರಲಾಗದು. ಅದರಲ್ಲಿ ಏರುತ್ತಿರುವ ನೀರು ಮನೆಯನ್ನು ನಾಲ್ಕು ದಿಕ್ಕಿನಿಂದಲೂ ಸುತ್ತುವುದು. ಕಥೆಗೆ ನೆಲೆಯಾದ ಸ್ಥಳವೇ ಕಥೆ ನಡೆಯುತ್ತಿರುವಂತೆ ಕಿರಿದಾಗುತ್ತ ಬರುವುದು, ಅದರೊಡನೆ ಮನೆಯವರ ಮನಸ್ಸಿನ ಅವಕಾಶವೂ ಕಿರಿದಾಗುವುದು.

ಬೇಸಗೆಯಲ್ಲಿ ಹಿನ್ನೀರು ಬಹಳ ಇಳಿದಾಗ ಮಡೆನೂರಿನ ಹಳೆಯ ಅಣೆಕಟ್ಟು ತಲೆಯೆತ್ತುವುದುಂಟು. ಅಡಕೆ ಹರವಿದ ಅಂಗಳಗಳು ಮರಳಿ ಏಳವು. ಅವುಗಳನ್ನು ಕಂಡವರೂ ವರ್ಷೇವರ್ಷೇ ಕಡಮೆಯಾಗುತ್ತಿರುವರು. ಆದಕಾರಣ ಈ ಸೀಮೆಯ ತರುಣ ಲೇಖಕರು ಮಳೆಯನ್ನು ಅಲಂಕಾರಕ್ಕಾಗಿ ಸುರಿಸದಿರಲಿ. ಬರೆದ ಕಥೆಯನ್ನು ಮನಸ್ಸಿನಲ್ಲಿಯೇ ಬೇರೊಂದು ಊರಿಗೆ ಸಾಗಿಸಿ ನೋಡಲಿ. ಅಲ್ಲಿಯೂ ಅದು ಕುಂದಿಲ್ಲದೆ ನಡೆದರೆ, ತಮ್ಮ ಊರನ್ನು ಅವರು ಇನ್ನೂ ಬರೆದಿಲ್ಲವೆಂದು ತಿಳಿಯತಕ್ಕದ್ದು.