ಜಾಲಹಳ್ಳಿಯ ಪೈಲಟ್

ತುಮಕೂರಿನಿಂದ ಹೊರಟ ಬಸ್ಸು ಜಾಲಹಳ್ಳಿ ಕ್ರಾಸಿನಲ್ಲಿ ನಿಂತಾಗ ನನ್ನ ಜೇಬಿನಲ್ಲಿ ಎರಡು ಕೈಗಡಿಯಾರಗಳಿದ್ದುವು. ಎರಡರ ಹೆಸರೂ ಒಂದೇ: ಎಚ್‌ಎಂಟಿ ಪೈಲಟ್. ಒಂದು, ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದ ನನ್ನ ತಂದೆಯವರು ಬಿಟ್ಟುಹೋದದ್ದು. ಕಪ್ಪು ಮುಖ ಮಾಸಿ ಕಂದಾಗಿದೆ, ಗಾಜಿನ ತುಂಬ ಗೀರುಗಳು. ಇನ್ನೊಂದು, ಹಳೆಯ ಗಡಿಯಾರಗಳ ವ್ಯಾಪಾರಿಯೊಬ್ಬನಿಂದ ಹೋದ ವರ್ಷ ನಾನೇ ದುಬಾರಿ ಬೆಲೆ ತೆತ್ತು ಕೊಂಡದ್ದು; ನಿನ್ನೆ ತಾನೆ ಕಾರ್ಖಾನೆಯಿಂದ ಬಂದಂತೆ ಥಳಥಳಿಸುತ್ತದೆ. ತಂದೆಯವರ ಗಡಿಯಾರವನ್ನೂ ಹಾಗೆಯೇ ಹೊಳೆಯುವಂತೆ ಮಾಡಿಸಿಕೊಡುವುದಾಗಿ ಆತ ಹೇಳಿದ್ದ. ಮುಖಕ್ಕೆ ಹೊಸ ಬಣ್ಣ ಬಳಿದು ಅಂಕಿಗಳನ್ನು ಮತ್ತೆ ಬರೆಯಿಸಿದರೆ ಸಾಕಂತೆ. ಒಪ್ಪಿಕೊಳ್ಳುವ ಮುನ್ನ, ಈ ಗಡಿಯಾರಗಳ ತವರನ್ನು ಒಮ್ಮೆ ನೋಡಿ ಬರೋಣವೆನ್ನಿಸಿತು.

ವಿಮಾನಕ್ಕೂ ಕೈಗಡಿಯಾರಕ್ಕೂ ಇರುವ ನಂಟು ಹಳೆಯದು. ಹಾರುವಾಗ ಜೇಬಿನ ಗಡಿಯಾರವನ್ನು ತೆಗೆದು ನೋಡಲು ಕೈ ಬಿಡುವಾಗುವುದಿಲ್ಲವೆಂದು ಬ್ರೆಜಿಲಿನ ವೈಮಾನಿಕ ಸಾಂಟೋಸ್ ಡ್ಯೂಮಾಂಟ್ ಪ್ಯಾರಿಸ್ಸಿನಲ್ಲಿ ತನ್ನ ಗೆಳೆಯ ಲೂಯಿ ಕಾರ್ಟಿಯೆಯೊಡನೆ ಹೇಳಿಕೊಂಡನಂತೆ. 1904ರಲ್ಲಿ ಕಾರ್ಟಿಯೆ ಅವನಿಗೆ ಮಣಿಕಟ್ಟಿನ ಗಡಿಯಾರವೊಂದನ್ನು ಮಾಡಿಸಿಕೊಟ್ಟ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಾಯುಪಡೆಯ ದಿಕ್ಕುಗಾರರು 55 ಮಿಲಿಮೀಟರ್ ಅಗಲದ ಗಡಿಯಾರವನ್ನು ದಪ್ಪ ಕೋಟಿನ ತೋಳಿನ ಮೇಲೆಯೇ ಕಟ್ಟಿಕೊಳ್ಳುತ್ತಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆಗಾಗಿ ತಯಾರಾದ ಮಾರ್ಕ್ 11 ಗಡಿಯಾರದಲ್ಲಿ, ಅಯಸ್ಕಾಂತದ ಸೆಳೆತದಿಂದ ಕಾಲ ತಪ್ಪದಿರಲೆಂದು, ಯಂತ್ರದ ಸುತ್ತ ಮೆದುಕಬ್ಬಿಣದ ಒಳಕವಚವನ್ನಿಟ್ಟರು. ಹೀಗೆ ಯುದ್ಧಕಾಲದ ಅಗತ್ಯದಿಂದ ಒಂದು ರೂಪ ನೆಲೆನಿಂತಿತು: ಕಪ್ಪು ಮುಖ, ದೊಡ್ಡ ಬಿಳಿಯ ಅಂಕಿಗಳು, ಕತ್ತಲಲ್ಲಿ ಮಿನುಗುವ ಮುಳ್ಳುಗಳು. ಇರುಳಿನಲ್ಲಿ ಹಾರುವವನು ಒಂದೇ ನೋಟಕ್ಕೆ ಕಾಲವನ್ನು ಓದಿಕೊಳ್ಳಬೇಕು.

ನಮ್ಮ ಪೈಲಟ್ ಧರಿಸಿದ್ದು ಆ ವೇಷವನ್ನೇ. ಆದರೆ ಅದನ್ನು ಕಟ್ಟಿಕೊಂಡವರು ಬಹುಪಾಲು ನೆಲದ ಮೇಲೆ ನಡೆದವರು. ನನ್ನ ತಂದೆಯವರು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಗಡಿಯಾರಕ್ಕೆ ಕೀ ಕೊಟ್ಟು, ಸೈಕಲ್ಲೇರಿ ಪಕ್ಕದ ಹಳ್ಳಿಯ ಶಾಲೆಗೆ ಹೊರಡುತ್ತಿದ್ದರು. ಶಾಲೆಯ ಗಂಟೆ ಬಾರಿಸುತ್ತಿದ್ದುದು ಆ ಗಡಿಯಾರವನ್ನು ನೋಡಿಯೇ. ಆ ಊರಿನ ಮಕ್ಕಳಿಗೆಲ್ಲ ಹತ್ತು ಗಂಟೆಯೆಂದರೆ ಮೇಷ್ಟರ ಕೈಯಲ್ಲಿ ಹತ್ತು ಗಂಟೆ.

ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ ಸ್ಥಾಪನೆಯಾದದ್ದು 1953ರಲ್ಲಿ. ಯಂತ್ರಗಳನ್ನು ಮಾಡುವ ಯಂತ್ರಗಳೇ ಅದರ ಮೊದಲ ಕಸುಬು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಗಡಿಯಾರದ ಕಾರ್ಖಾನೆ ತಲೆಯೆತ್ತಿತು. ಮೊದಲ ತಂಡದ ಕೈಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಸುತ್ತ ನೌಕರರ ಬಡಾವಣೆ ಬೆಳೆಯಿತು. ಬಿಡಿಭಾಗಗಳನ್ನು ಕೂಡಿಸುವ ನಾಜೂಕಿನ ಕೆಲಸಕ್ಕೆ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಸೇರಿದರು.

ಕಾರ್ಖಾನೆಯ ಇತಿಹಾಸವನ್ನು ಕಾಪಿಟ್ಟಿರುವ ವಸ್ತುಸಂಗ್ರಹಾಲಯ ಮರಗಳ ನೆರಳಿನಲ್ಲಿದೆ. ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಸಾಲುಸಾಲಾಗಿ ಗಡಿಯಾರಗಳು. ಪೈಲಟ್ ಕಣ್ಣಿಗೆ ಬಿದ್ದೊಡನೆ ನನ್ನವೆರಡನ್ನೂ ಅಂಗೈಯಲ್ಲಿಟ್ಟು ಹೋಲಿಸತೊಡಗಿದೆ. ಮೊಮ್ಮಗನೊಡನೆ ಬಂದಿದ್ದ ವೃದ್ಧೆಯೊಬ್ಬರು ಪಕ್ಕದಲ್ಲಿ ನಿಂತು ನೋಡುತ್ತಿದ್ದವರು, "ಕೊಡಪ್ಪ ಇಲ್ಲಿ" ಎಂದು ಕೈಚಾಚಿದರು. ಇಪ್ಪತ್ತಾರು ವರ್ಷ ಇದೇ ಕಾರ್ಖಾನೆಯಲ್ಲಿ ಗಡಿಯಾರ ಕೂಡಿಸಿದವರಂತೆ.

ಹೊಳೆಯುವ ಗಡಿಯಾರವನ್ನು ಒಂದೇ ಗಳಿಗೆ ನೋಡಿದರು. "ಒಳಗಿನ ಯಂತ್ರ ನಮ್ಮದೇ ಇರಬಹುದು. ಮುಖ ನಮ್ಮದಲ್ಲ. ಅಂಕಿಗಳು ದಪ್ಪ; ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಕೂತಿಲ್ಲ. ಇಂಥದನ್ನು ನಾವು ಮೇಜಿನಿಂದ ಆಚೆಗೆ ಬಿಡ್ತಿರಲಿಲ್ಲ."

ನನ್ನ ಮುಖ ಸಪ್ಪಗಾಯಿತು. ತಂದೆಯವರದನ್ನು ಕೊಟ್ಟು, "ಅಮ್ಮಾ, ಇದಕ್ಕೂ ಬಣ್ಣ ಹಾಕಿಸಬೇಕೆಂದಿದ್ದೆ" ಎಂದೆ. ಅವರು ಅದನ್ನು ಕಿವಿಗೆ ಹಿಡಿದರು. 17 ಹರಳುಗಳ ಮೇಲೆ ಕೂತ ಆ ಯಂತ್ರದ ಚಕ್ರ ಗಂಟೆಗೆ 18,000 ಸಲ, ಎಂದರೆ ಸೆಕೆಂಡಿಗೆ ಐದು ಸಲ, ಮಿಡಿಯುತ್ತದೆ.

"ಎಣ್ಣೆ ಒಣಗಿದೆ, ಅಷ್ಟೆ. ಬಿಚ್ಚಿ ತೊಳೆಸಿ ಎಣ್ಣೆ ಹಾಕಿಸು. ಮುಖ ಮುಟ್ಟಿಸಬೇಡ. ಒಂದು ಸಲ ಅಳಿಸಿದರೆ ಮತ್ತೆ ಬರೋದಿಲ್ಲ. ಬರೆಯೋದಕ್ಕೆ ಇನ್ನು ನಾವೂ ಇಲ್ಲ."

ಆ ಮಾತಿನ ಹಿಂದೆ ಒಂದು ದೊಡ್ಡ ಕಥೆಯಿದೆ. ಕೀ ಬೇಡದ, ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರಗಳು ಬಂದುವು. 1980ರ ದಶಕದಲ್ಲಿ ಹೊಸ ಪ್ರತಿಸ್ಪರ್ಧಿಗಳು ಹುಟ್ಟಿಕೊಂಡರು. ಎಚ್‌ಎಂಟಿ ಗಡಿಯಾರಗಳ ಕಂಪೆನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು. 1978ರಲ್ಲಿ ನಮ್ಮ ತುಮಕೂರಿನಲ್ಲಿ ಆರಂಭವಾಗಿದ್ದ ಕಾರ್ಖಾನೆಯೂ ನಿಂತುಹೋಗಿ, ಅದರ ಜಾಗ ಇಸ್ರೋ ಸಂಸ್ಥೆಯ ಪಾಲಾಯಿತು. ತಯಾರಿಕೆ ನಿಂತ ಮೇಲೆ ಸಂಗ್ರಹಕಾರರ ಹಂಬಲ ಹೆಚ್ಚಿತು. ಹಂಬಲದ ಬೆನ್ನಿಗೇ ಹಳೆಯ ಮುಖಕ್ಕೆ ಹೊಸ ಬಣ್ಣ ಬಳಿಯುವ ವ್ಯಾಪಾರವೂ ಬಂತು.

ತುಮಕೂರಿಗೆ ಹಿಂದಿರುಗಿ, ಸಂತೆಪೇಟೆಯ ಬದಿಯ ಹಳೆಯ ರಿಪೇರಿಯವರಲ್ಲಿ ತಂದೆಯವರ ಗಡಿಯಾರವನ್ನು ತೊಳೆಸಿ ಎಣ್ಣೆ ಹಾಕಿಸಿದೆ. ಹಿಂಬದಿಯ ಮುಚ್ಚಳ ಬಿಚ್ಚಿದಾಗ ಅದರ ಅಂಚಿನಲ್ಲಿ ಸೀಮೆಸುಣ್ಣದ ಬಿಳಿಯ ಪುಡಿ ಗಟ್ಟಿಯಾಗಿ ಕೂತಿತ್ತು. "ಇದನ್ನೂ ತೆಗೆಯಲೇ, ಮೇಷ್ಟ್ರೇ?" ಎಂದರು ಅವರು. ಯಂತ್ರದ ಹಿತಕ್ಕೆ ತೆಗೆಯಲೇಬೇಕಾಗಿತ್ತು; ತೆಗೆಯಿರಿ ಎಂದೆ. ಗೀರುಬಿದ್ದ ಗಾಜನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆ.

ಕೊಂಡುತಂದ ಪೈಲಟ್ ಮೇಜಿನ ಖಾನೆಯಲ್ಲಿದೆ. ಕೀ ಕೊಟ್ಟರೆ ಅದು ಸರಿಯಾದ ಕಾಲವನ್ನೇ ತೋರಿಸುತ್ತದೆ. ತಂದೆಯವರದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತದೆ. ಬೆಳಿಗ್ಗೆ ಕೀ ಕೊಡುವಾಗ ಆ ಎರಡು ನಿಮಿಷವನ್ನು ಸರಿಪಡಿಸಿ, ಅದನ್ನೇ ಕಟ್ಟಿಕೊಂಡು ತರಗತಿಗೆ ಹೋಗುತ್ತೇನೆ.