ಮಾಣಿಗೆ ಹೇಳಿ

ಮುಂಬಯಿಯ ನಮ್ಮ ಕಚೇರಿಯ ಲೆಕ್ಕವೆಲ್ಲ ಎ.ಎಸ್./400 ಎಂಬ ಕಂಪ್ಯೂಟರಿನಲ್ಲಿತ್ತು, 1988ರಲ್ಲಿ ಐ.ಬಿ.ಎಂ. ಹೊರತಂದ ಜಾತಿಯದು. ವರ್ತಕರು ವೆಬ್ ಪುಟದಿಂದಲೇ ಆರ್ಡರು ಕೊಡುವಂತಾಗಲಿ ಎಂದು ಯಜಮಾನರ ಅಪ್ಪಣೆಯಾಯಿತು. ಕಿರಿಯರಾದ ನಾವಿಬ್ಬರೂ ಉತ್ಸಾಹದಿಂದ ಆರ್ಡರುಗಳನ್ನು ನೇರವಾಗಿ ಅದರ ಕಡತಗಳಿಗೇ ಬರೆಯುವಂತೆ ಮಾಡಿಬಿಟ್ಟೆವು. ಮೂರೇ ದಿನದಲ್ಲಿ, ಸಾಲದ ಮಿತಿ ದಾಟಿದ್ದ ವರ್ತಕನಿಗೂ ಸರಕು ಹೊರಟಿತು! ಆ ಹಣ ಮರಳಲಿಲ್ಲ. ಮಿತಿಯನ್ನು ಕಾಯುತ್ತಿದ್ದುದು ಕಡತವಲ್ಲ, ಆರ್.ಪಿ.ಜಿ.ಯಲ್ಲಿ ಬರೆದ ಹಳೆಯ ಪ್ರೋಗ್ರಾಮು.

ಅದನ್ನು ಬರೆದಿದ್ದವರು ನಮ್ಮ ಕನ್ನಡದವರೇ ಆದ ರಾಯರು. ನಿವೃತ್ತಿಗೆ ವರ್ಷವೂ ಉಳಿದಿರಲಿಲ್ಲ. ಬಯ್ಯಲಿಲ್ಲ. "ಅಲ್ರಯ್ಯಾ, ಉಡುಪಿ ಹೋಟೆಲಿಗೆ ಹೋದರೆ ನೀವೇ ಒಳಗೆ ನುಗ್ಗಿ ದೋಸೆ ಹುಯ್ಯುತ್ತೀರಾ? ಮಾಣಿಗೆ ಹೇಳುವುದಿಲ್ಲವೆ?" ಎಂದರು.

ಆ ಮಾಣಿಯೇ ಸ್ಟೋರ್ಡ್ ಪ್ರೊಸೀಜರು. ರಾಯರ ಪ್ರೋಗ್ರಾಮನ್ನೇ ಡಿಬಿ2ರಲ್ಲಿ ಹಾಗೆ ನೋಂದಾಯಿಸಿದೆವು. ವೆಬ್ ಪುಟ ವರ್ತಕನ ಸಂಖ್ಯೆ, ಸರಕು, ಪ್ರಮಾಣ ಹೇಳಿ ಕರೆಯುತ್ತದೆ. ಒಳಗಿನಿಂದ ಒಪ್ಪಿಗೆಯೋ ನಿರಾಕರಣೆಯೋ ಬರುತ್ತದೆ. ಕೇಳಲು ಸುಲಭ. ಆದರೆ ಹಸಿರು ಪರದೆಯ ಮೇಲೆ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಸಾಲುಗಳು ಲೆಕ್ಕದ ಸಾಲುಗಳೊಡನೆ ಹೆಣೆದುಕೊಂಡಿದ್ದವು. ಅವನ್ನು ಬಿಡಿಸಲು ರಾಯರ ಪಕ್ಕದಲ್ಲಿ ಎರಡು ತಿಂಗಳು ಕುಳಿತೆವು.

ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ 1991ರ ತಾರೀಖೂ ಅವರ ಹೆಸರಿನ ಮೊದಲಕ್ಷರಗಳೂ ಇವೆ. ನಾವು ಅಳಿಸಿಲ್ಲ.